ಹಾವಿನ ಪ್ರತಿವಿಷವೂ ಗಾಮಾ ಕಿರಣವೂ



ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಶಾಲೆಯ ಏಳಿಗೆಯ ವರದಿಯಾಗಿರುವುದು ವಾಡಿಕೆ. ಈ ಸಾರಿ ಅದರ ಬದಲಿಗೆ ಒಂದು ಪಾಠವನ್ನು ಬರೆಯುವುದಕ್ಕೆ ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಕಾರಣವೇನೆಂದರೆ, ಕಳೆದ ವರ್ಷ ಪಾಲಕರ ಸಭೆಯಲ್ಲಿ ನಾನು ಒಬ್ಬ ತಾಯಿಗೆ ತಪ್ಪಾದ ಉತ್ತರವನ್ನು ಕೊಟ್ಟೆನು. ಎಲ್ಲರ ಮುಂದೆ ಕೊಟ್ಟ ಉತ್ತರವಾದುದರಿಂದ ಎಲ್ಲರ ಮುಂದೆಯೇ ಅದನ್ನು ತಿದ್ದುವುದು ನ್ಯಾಯವಾಗಿದೆ. ಹಲಗೆಯ ಮೇಲೆ ತಪ್ಪು ಬರೆದ ಹುಡುಗಿಯನ್ನು ಹಲಗೆಯ ಬಳಿಗೇ ಕರೆದು ತಿದ್ದಿಸುವ ನಾನು ನನ್ನ ತಪ್ಪನ್ನು ಮಾತ್ರ ಮರೆಯಲ್ಲಿಟ್ಟುಕೊಳ್ಳುವುದು ಉಚಿತವಲ್ಲ.

ಸಂಗತಿಯು ಹೀಗಿದೆ. ಹುಮನಾಬಾದ ತಾಲೂಕಿನ ಒಂದು ಹಳ್ಳಿಯಿಂದ ಬಂದು ನಮ್ಮಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯನ್ನು, ರಜೆಯಲ್ಲಿ ತೊಗರಿಯ ಹೊಲದೊಳಗೆ ಕೊಳಕುಮಂಡಲದ ಹಾವು ಕಚ್ಚಿತು. ಮನೆಯವರು ಮಂತ್ರವಾದಿಯ ಬಾಗಿಲಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ದುದರಿಂದ ಮಗು ಬದುಕಿತು; ಇಂದು ಅವಳು ಮೊದಲಿನಂತೆ ಶಾಲೆಗೆ ಬರುತ್ತಿದ್ದಾಳೆ. ಆದರೆ ಸಭೆಗೆ ಬಂದ ಅವಳ ತಾಯಿಯು ಎದ್ದುನಿಂತು, "ಅಕ್ಕೋರೇ, ಹಾವ ಕಡದಾಗ ಹಾಕೋ ಸೂಜಿ ಔಷಧ ಕುದುರಿ ರಕ್ತದಾಗಿಂದ ತೆಗೀತಾರಂತ್ರಿ. ಕುದುರಿ ರೋಗ ನಮ್ಮ ಹುಡುಗಿಗಿ ಹತ್ತೂದಿಲ್ಲೇನ್ರಿ? ಮುಂದ ಯಾರಿಗಿ ಹಿಂಗಾದ್ರೂ ಆ ಸೂಜಿ ಹಾಕಸ್ಬೇಕೋ ಬ್ಯಾಡೋ?" ಎಂದು ಕೇಳಿದಳು. ಬಸವಕಲ್ಯಾಣ, ಹುಮನಾಬಾದ ಎರಡೂ ತಾಲೂಕುಗಳ ಹಳ್ಳಿಗಳಿಂದ ಬಂದಿದ್ದ ತಾಯಂದಿರು ಉತ್ತರಕ್ಕಾಗಿ ಕಿವಿಗೊಟ್ಟು ಕುಳಿತಿದ್ದರು. ಶಸ್ತ್ರವೈದ್ಯರ ಕೈಗವಸಿನ ಪೊಟ್ಟಣದ ಮೇಲೆ ಗಾಮಾ ಕಿರಣದಿಂದ ಶುದ್ಧಮಾಡಲ್ಪಟ್ಟುದೆಂಬ ಬರಹವನ್ನು ಎಂದೋ ಓದಿದ್ದ ನಾನು, "ಹೆದರಬೇಡಿರಿ, ಅದನ್ನೆಲ್ಲ ಕಿರಣದಿಂದ ಶುದ್ಧಮಾಡಿಯೇ ಕೊಡುತ್ತಾರೆ" ಎಂದು ಧೈರ್ಯದಿಂದ ಹೇಳಿಬಿಟ್ಟೆನು. ತಾಯಂದಿರು ಸಮಾಧಾನಗೊಂಡರು.

ಮರುದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕೊಠಡಿಗೆ ಬಂದು, "ಟೀಚರ್, ಕಿರಣವು ರೋಗಾಣುವನ್ನು ಕೊಲ್ಲುವುದಾದರೆ ಔಷಧವನ್ನು ಏಕೆ ಕೊಲ್ಲುವುದಿಲ್ಲ?" ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಓದಿ ನೋಡಲಾಗಿ, ಪ್ರಶ್ನೆಯೇ ಸರಿಯಾದುದೆಂದೂ, ನಾನು ಸಭೆಯಲ್ಲಿ ಹೇಳಿದ್ದೇ ತಪ್ಪೆಂದೂ ತಿಳಿದುಬಂದಿತು. ಹಾಗೆ ಓದಿ ತಿಳಿದುದನ್ನು ಕ್ರಮವಾಗಿ ಇಲ್ಲಿ ಹೇಳುತ್ತೇನೆ.

ಮೊದಲು ಪ್ರತಿವಿಷವೆಂದರೇನೆಂಬುದನ್ನು ತಿಳಿಯೋಣ. ಅಪಾಯವಾಗದಷ್ಟು ಅಲ್ಪ ಪ್ರಮಾಣದಲ್ಲಿ ಹಾವಿನ ವಿಷವನ್ನು ಕುದುರೆಗೆ ಚುಚ್ಚುತ್ತ, ಕ್ರಮೇಣ ಆ ಪ್ರಮಾಣವನ್ನು ಏರಿಸುತ್ತ ಹೋದರೆ, ಕುದುರೆಯ ರಕ್ತದಲ್ಲಿ ಆ ವಿಷವನ್ನು ಹಿಡಿದು ಕಟ್ಟಿಹಾಕುವ ಪದಾರ್ಥವು ಹುಟ್ಟುತ್ತದೆ. ಅನಂತರ ಕುದುರೆಗೆ ತೊಂದರೆಯಾಗದಂತೆ ಸ್ವಲ್ಪ ರಕ್ತವನ್ನು ತೆಗೆದು, ಅದರ ತಿಳಿರಸದಿಂದ ಆ ಪದಾರ್ಥವನ್ನು ಬೇರ್ಪಡಿಸುತ್ತಾರೆ. ನಮ್ಮ ದೇಶದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಾಗಿ ತಯಾರಾಗುತ್ತದೆ. ಹತ್ತು ಮಿಲಿಲೀಟರಿನ ಒಂದು ಸೀಸೆಯು ಕೊಳಕುಮಂಡಲದ ಅಥವಾ ನಾಗರಹಾವಿನ ೬ ಮಿಲಿಗ್ರಾಂ ವಿಷವನ್ನೂ, ಉಳಿದ ಎರಡು ಹಾವುಗಳ ವಿಷವಾದರೆ ೪.೫ ಮಿಲಿಗ್ರಾಮನ್ನೂ ಅಡಗಿಸತಕ್ಕದ್ದೆಂದು ನಿಯಮವಿದೆ. ವಿಷವೇರಿದ ರೋಗಿಗೆ ಮೊದಲಲ್ಲಿಯೇ ಸಾಮಾನ್ಯವಾಗಿ ಎಂಟರಿಂದ ಹತ್ತು ಸೀಸೆಗಳು ಬೇಕಾಗುತ್ತವೆ.

ವಿಷವನ್ನು ಹಿಡಿಯುವ ಈ ಪದಾರ್ಥವು ಒಂದು ಬಗೆಯ ಪ್ರೋಟೀನು. ಬೇಳೆಯಲ್ಲಿಯೂ ಹಾಲಿನಲ್ಲಿಯೂ ತತ್ತಿಯಲ್ಲಿಯೂ ಇರುವ ಪ್ರೋಟೀನುಗಳ ಕುಲಕ್ಕೇ ಇದೂ ಸೇರಿದ್ದು. ಪ್ರೋಟೀನೆಂದರೆ ಮಣಿಗಳನ್ನು ಪೋಣಿಸಿದ ಸರವು ಒಂದು ಗೊತ್ತಾದ ರೀತಿಯಲ್ಲಿ ಮಡಿಸಿಕೊಂಡು ನಿಂತಂತೆ. ಬೀಗದ ಕೈಗೆ ಹಲ್ಲುಗಳಿರುವಂತೆ ಇದಕ್ಕೆ ಒಂದು ಆಕಾರವುಂಟು. ಆ ಆಕಾರದಿಂದಲೇ ಅದು ವಿಷವನ್ನು ಹಿಡಿಯಬಲ್ಲುದು. ಆಕಾರ ಕೆಟ್ಟರೆ ಪದಾರ್ಥವು ಸೀಸೆಯಲ್ಲಿಯೇ ಇದ್ದರೂ ಗುಣವು ಹೋಗಿರುತ್ತದೆ. ಕುಸುಮರೋಗಿಗಳ ರಕ್ತವನ್ನು ಹೆಪ್ಪುಗಟ್ಟಿಸುವ ಔಷಧವೂ, ಹುಚ್ಚುನಾಯಿ ಕಚ್ಚಿದವರ ಗಾಯಕ್ಕೆ ಕೊಡುವ ಪ್ರತಿರಕ್ಷಕವೂ ಇದೇ ಬಗೆಯವು. ಇವು ಮನುಷ್ಯರ ಅಥವಾ ಪ್ರಾಣಿಗಳ ರಕ್ತದಿಂದ ಬಂದವುಗಳಾದರೆ, ಆ ರಕ್ತದಲ್ಲಿ ರೋಗಾಣುವಿದ್ದರೆ ಅದೂ ಜತೆಯಲ್ಲಿ ಬರುವ ಅಪಾಯವಿದೆ.

ಆದಕಾರಣ ಆ ತಾಯಿಯ ಭಯವು ಅಜ್ಞಾನದ ಭಯವಲ್ಲ. ೧೯೦೧ನೆಯ ಇಸವಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿ, ಗಂಟಲಮಾರಿಯ ಔಷಧಕ್ಕಾಗಿ ರಕ್ತ ಕೊಡುತ್ತಿದ್ದ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗುಲಿದ್ದುದು ಸಕಾಲದಲ್ಲಿ ಗಮನಕ್ಕೆ ಬಾರದೆ, ಅದರ ರಕ್ತರಸವನ್ನು ಪಡೆದ ೧೩ ಮಕ್ಕಳು ಮರಣ ಹೊಂದಿದರು. ಮರುವರ್ಷ, ಅಂದರೆ ೧೯೦೨ರಲ್ಲಿ, ಇಂತಹ ಔಷಧಗಳ ತಯಾರಿಕೆಯನ್ನು ಪರೀಕ್ಷಿಸುವ ಕಾನೂನು ಆ ದೇಶದಲ್ಲಿ ಹುಟ್ಟಿತು. ೧೯೮೦ರ ದಶಕದಲ್ಲಿ ಇನ್ನೂ ದೊಡ್ಡ ದುಃಖವು ಒದಗಿತು. ಸಾವಿರಾರು ದಾನಿಗಳ ರಕ್ತರಸವನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ತಯಾರಿಸುತ್ತಿದ್ದ ಹೆಪ್ಪುಗಟ್ಟಿಸುವ ಔಷಧದ ಮೂಲಕ ಏಡ್ಸ್ ರೋಗದ ವೈರಸು ಹರಡಿ, ಅಮೆರಿಕದ ಕುಸುಮರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ತಗುಲಿತು. ಬದುಕಿಸುವುದಕ್ಕಾಗಿ ಕೊಟ್ಟ ಔಷಧವೇ ಮೃತ್ಯುವನ್ನು ಮನೆಗೆ ತಂದಿತು. ಆದುದರಿಂದ "ಇದರಲ್ಲಿ ರೋಗವಿಲ್ಲವಷ್ಟೆ?" ಎಂದು ಕೇಳುವುದು ಪ್ರತಿಯೊಬ್ಬ ತಾಯಿಯ ಹಕ್ಕು.

ಹಾಗಾದರೆ ಶುದ್ಧಮಾಡುವ ಬಗೆ ಹೇಗೆ? ಹಾಲನ್ನು ಕಾಯಿಸುವಂತೆ ಕಾಯಿಸಬಾರದೇ ಎಂದು ಕೇಳಬಹುದು. ತತ್ತಿಯನ್ನು ಕುದಿಸಿದರೆ ಅದರ ಬಿಳಿಯ ಭಾಗವು ಗಟ್ಟಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಎಷ್ಟು ತಣ್ಣೀರು ಹಾಕಿದರೂ ಅದು ಮರಳಿ ತಿಳಿಯಾಗದು. ಔಷಧದ ಪ್ರೋಟೀನಿಗೂ ಕುದಿಯುವ ಶಾಖದಲ್ಲಿ ಇದೇ ಗತಿ. ಸೋಸಬಾರದೇ ಎಂದರೆ, ಬಹು ಸೂಕ್ಷ್ಮವಾದ ಸೋಸುಕಗಳು ಬ್ಯಾಕ್ಟೀರಿಯಗಳನ್ನು ತಡೆಯುತ್ತವೆ; ಆದರೆ ವೈರಸುಗಳು ಅವುಗಳಿಗಿಂತ ಬಹಳ ಚಿಕ್ಕವಾದುದರಿಂದ ಸಾಮಾನ್ಯ ಸೋಸುಕದ ರಂಧ್ರಗಳಲ್ಲಿ ತೂರಿಹೋಗುತ್ತವೆ. ಹೀಗಿರುವಾಗ ಶಾಖವಿಲ್ಲದೆ, ಮುಚ್ಚಿದ ಸೀಸೆಯ ಒಳಗೇ ಹೊಕ್ಕು ರೋಗಾಣುವನ್ನು ಕೊಲ್ಲುವ ಗಾಮಾ ಕಿರಣದ ಕಡೆಗೆ ವಿಜ್ಞಾನಿಗಳ ಮನಸ್ಸು ಹರಿದುದು ಸಹಜ.

ಗಾಮಾ ಕಿರಣವು ಬೆಳಕಿನ ಜಾತಿಗೆ ಸೇರಿದ್ದು. ಆದರೆ ಕಣ್ಣಿಗೆ ಕಾಣದು, ರಟ್ಟಿನ ಪೆಟ್ಟಿಗೆಯನ್ನೂ ಗಾಜನ್ನೂ ತೂರಿಕೊಂಡು ಹೋಗುತ್ತದೆ. ಈ ಕೆಲಸಕ್ಕೆ ಹೆಚ್ಚಾಗಿ ಕೋಬಾಲ್ಟ್-೬೦ ಎಂಬ ಲೋಹವನ್ನು ಬಳಸುತ್ತಾರೆ. ಅದರ ಶಕ್ತಿಯು ಸುಮಾರು ೫ ವರ್ಷ ೩ ತಿಂಗಳಿಗೆ ಅರ್ಧವಾಗುತ್ತ ಬರುತ್ತದೆ. ನಮ್ಮ ದೇಶದಲ್ಲಿ ವೈದ್ಯಕೀಯ ಸಾಮಗ್ರಿಗಳನ್ನು ಈ ಕಿರಣದಿಂದ ಶುದ್ಧಮಾಡುವ ಐಸೋಮೆಡ್ ಎಂಬ ಕೇಂದ್ರವು ೧೯೭೪ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಆರಂಭವಾಯಿತು. ಮುಂದೆ ನಮ್ಮ ರಾಜ್ಯದ ಬೆಂಗಳೂರಿನ ಕಿದ್ವಾಯಿ ಗಂಥಿ ಆಸ್ಪತ್ರೆಯಲ್ಲಿಯೂ "ರಶ್ಮಿ" ಎಂಬ ಹೆಸರಿನಿಂದ ಇಂತಹದೇ ಕೇಂದ್ರವು ಸ್ಥಾಪಿತವಾಯಿತು. ಇಂತಹ ಕೇಂದ್ರಗಳಲ್ಲಿ ದಪ್ಪವಾದ ಕಾಂಕ್ರೀಟು ಗೋಡೆಯ ಕೋಣೆಯೊಳಗೆ ಕೋಬಾಲ್ಟಿನ ಕಡ್ಡಿಗಳಿರುತ್ತವೆ; ಸಾಮಾನು ತುಂಬಿದ ಪೆಟ್ಟಿಗೆಗಳು ಅವುಗಳ ಸುತ್ತ ಸುತ್ತಿ ಹೊರಗೆ ಬರುತ್ತವೆ. ಕೈಗವಸು, ಹೊಲಿಗೆಯ ದಾರ, ಪಟ್ಟಿಯ ಬಟ್ಟೆ ಮುಂತಾದವುಗಳನ್ನು ಹೀಗೆ ಶುದ್ಧಮಾಡುತ್ತಾರೆ.

ಇದಕ್ಕೆ ವಾಡಿಕೆಯ ಪ್ರಮಾಣವು ೨೫ ಕಿಲೋಗ್ರೇ. ಗ್ರೇ ಎಂಬುದು ಪದಾರ್ಥವು ಹೀರಿಕೊಂಡ ಕಿರಣಶಕ್ತಿಯ ಅಳತೆ. ಮನುಷ್ಯನ ಇಡೀ ದೇಹಕ್ಕೆ ಒಮ್ಮೆಗೇ ನಾಲ್ಕೈದು ಗ್ರೇ ಬಿದ್ದು ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ. ಇದಾದರೋ ೨೫,೦೦೦ ಗ್ರೇ. ಆದರೂ ಇಷ್ಟು ಶಕ್ತಿಯಿಂದ ನೀರು ಬಿಸಿಯಾಗುವುದು ಸುಮಾರು ೬ ಡಿಗ್ರಿ ಮಾತ್ರವೆಂದರೆ ಆಶ್ಚರ್ಯವಾಗುವುದು. ಹಾಗಾದರೆ ಕೊಲ್ಲುವುದು ಶಾಖವಲ್ಲ. ರೋಗಾಣುವಿನ ಒಳಗೆ, ಅದು ತನ್ನಂತಹ ಇನ್ನೊಂದನ್ನು ಹುಟ್ಟಿಸಲು ಬೇಕಾದ ಎಲ್ಲ ವಿವರಗಳನ್ನೂ ಹೊತ್ತ ಒಂದು ಉದ್ದವಾದ ಎಳೆಯಿರುತ್ತದೆ. ಕಿರಣವು ಆ ಎಳೆಯನ್ನು ಕತ್ತರಿಸುತ್ತದೆ. ಎಳೆ ತುಂಡಾದ ರೋಗಾಣುವು ವಂಶವನ್ನು ಬೆಳೆಸಲಾರದು.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಕಿರಣಕ್ಕೆ ಒಡ್ಡಿದ ವಸ್ತುವಿನಲ್ಲಿ ಕಿರಣವು ಉಳಿದು, ಅದನ್ನು ಮುಟ್ಟಿದವರಿಗೆ ತಗುಲೀತೇ? ಇಲ್ಲ. ಬಿಸಿಲಿಗೆ ಹರವಿದ ತೊಗರಿಯನ್ನು ರಾತ್ರಿ ಮನೆಯೊಳಗೆ ತಂದರೆ ಅದು ಬೆಳಕನ್ನು ಬೀರುವುದಿಲ್ಲವಷ್ಟೆ. ಕೋಬಾಲ್ಟಿನ ಗಾಮಾ ಕಿರಣಕ್ಕೆ ಒಂದು ವಸ್ತುವನ್ನು ತನ್ನಂತೆ ಕಿರಣ ಬೀರುವ ವಸ್ತುವನ್ನಾಗಿ ಮಾಡುವಷ್ಟು ಶಕ್ತಿಯಿಲ್ಲ.

ಈಗ ನಮ್ಮ ಹತ್ತನೆಯ ತರಗತಿಯ ಹುಡುಗಿಯ ಪ್ರಶ್ನೆಗೆ ಬರೋಣ: ಕಿರಣವು ರೋಗಾಣುವನ್ನು ಕೊಲ್ಲುವುದಾದರೆ ಔಷಧವನ್ನು ಏಕೆ ಕೊಲ್ಲುವುದಿಲ್ಲ? ಇದಕ್ಕೆ ನಮ್ಮ ಜಿಲ್ಲೆಯ ಬಿದರಿ ಕೆಲಸದಿಂದಲೇ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಶಾಲೆಯ ಪ್ರವಾಸದಲ್ಲಿ ಬೀದರಕ್ಕೆ ಬಂದವರು ಅದನ್ನು ನೋಡಿದ್ದೀರಿ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದ ಪಾತ್ರೆಯ ಮೇಲೆ ಗೀರುಗಳನ್ನು ಕೊರೆದು, ಅವುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣಿಗೆ ನವಸಾಗರವನ್ನು ಕೂಡಿಸಿ ಆ ಕಲಸನ್ನು ಪಾತ್ರೆಗೆಲ್ಲ ಬಳಿಯುತ್ತಾರೆ. ಒಂದೇ ಮಣ್ಣು, ಒಂದೇ ಕೈ; ಆದರೂ ಸತುವು ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿದು ಹೊಳೆಯುತ್ತದೆ. ಕುಶಲಕರ್ಮಿಯು ಎಣಿಸಿದ್ದು ಕಪ್ಪುಮಾಡುವುದನ್ನು ಮಾತ್ರವಲ್ಲ. ಬೆಳ್ಳಿಯನ್ನು ಉಳಿಸುವುದನ್ನೂ ಹೌದು. ಬೆಳ್ಳಿಯೂ ಕಪ್ಪಾದರೆ ಹೂಬಳ್ಳಿಯೇ ಮರೆಯಾಗುವುದು.

ಔಷಧದ ಶುದ್ಧೀಕರಣವೂ ಹೀಗೆಯೇ. ರೋಗಾಣು ಸಾಯಬೇಕು, ಔಷಧದ ಗುಣ ಉಳಿಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೆಲಸವೇ ಕೆಟ್ಟಿತು. ಗುಣವಳಿದ ಪ್ರತಿವಿಷವನ್ನು ಹಾವು ಕಚ್ಚಿದವನಿಗೆ ಕೊಡುವುದೆಂದರೆ ನೀರನ್ನು ಕೊಟ್ಟಂತೆಯೇ. ಕಿರಣದ ವಿಷಯದಲ್ಲಿ ಒಂದು ಅನುಕೂಲವಿದೆ. ರೋಗಾಣುವಿನ ಎಳೆಯು ಬಹಳ ಉದ್ದ. ಪ್ರೋಟೀನು ಅದರ ಮುಂದೆ ಬಹಳ ಚಿಕ್ಕದು. ಹೊಲದಲ್ಲಿ ಆಣೆಕಲ್ಲು ಬಿದ್ದರೆ, ಇಡೀ ಹೊಲದುದ್ದಕ್ಕೆ ಹಾಸಿದ ದಾರಕ್ಕೆ ಒಂದಾದರೂ ತಗುಲುವ ಸಂಭವವಿದೆ; ಅಲ್ಲಲ್ಲಿ ಇಟ್ಟ ಗೋಲಿಗಳಲ್ಲಿ ಹೆಚ್ಚಿನವು ತಪ್ಪಿಸಿಕೊಳ್ಳುತ್ತವೆ. ಹಾಗೆಯೇ ಕಿರಣದ ನೇರ ಪೆಟ್ಟು ಮೊದಲು ರೋಗಾಣುವಿಗೇ ತಗುಲುತ್ತದೆ.

ಆದರೆ ಪೆಟ್ಟು ನೇರವಾದುದು ಮಾತ್ರವಲ್ಲ. ಅಡ್ಡದಾರಿಯ ಪೆಟ್ಟೂ ಒಂದುಂಟು. ಔಷಧವು ನೀರಿನಲ್ಲಿ ಕರಗಿದ್ದರೆ, ಕಿರಣವು ನೀರಿನ ಕಣಗಳನ್ನೇ ಒಡೆದು ಅವುಗಳಿಂದ ಅತ್ಯಂತ ಚುರುಕಾದ ತುಣುಕುಗಳನ್ನು ಹುಟ್ಟಿಸುತ್ತದೆ. ಇವು ನೀರಿನಲ್ಲಿ ಚಲಿಸಿ, ಸಿಕ್ಕಿದ ಪ್ರೋಟೀನನ್ನು ಕಚ್ಚಿ ಕೆಡಿಸುತ್ತವೆ. ಆದಕಾರಣ ದ್ರವರೂಪದ ಔಷಧವನ್ನು ಹಾಗೆಯೇ ೨೫ ಕಿಲೋಗ್ರೇ ಕಿರಣಕ್ಕೆ ಒಡ್ಡಿದರೆ ರೋಗಾಣುವಿನೊಂದಿಗೆ ಔಷಧವೂ ಹಾಳಾಗುವುದು. ನಾನು ಸಭೆಯಲ್ಲಿ ಹೇಳಿದ ಮಾತಿನ ತಪ್ಪು ಇಲ್ಲಿಯೇ ಇದೆ. ಕೈಗವಸಿಗೆ ಒಪ್ಪುವ ಉಪಾಯವು ಔಷಧಕ್ಕೂ ಒಪ್ಪುವುದೆಂದು ನಾನು ಎಣಿಸಿದೆನು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ವಿಜ್ಞಾನಿಗಳು ಮುಖ್ಯವಾಗಿ ಮೂರು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು ಒಣಗಿಸುವುದು: ಹೆಪ್ಪುಗಟ್ಟಿಸಿದ ಔಷಧದಿಂದ ನೀರನ್ನು ಹೀರಿ ತೆಗೆದು ಪುಡಿಮಾಡಿದರೆ, ಒಡೆಯುವುದಕ್ಕೆ ನೀರೇ ಬಹಳಷ್ಟು ಉಳಿದಿರುವುದಿಲ್ಲ. ಎರಡನೆಯದು ಕೊರೆಯುವ ಚಳಿ: ಶೂನ್ಯಕ್ಕಿಂತ ಬಹಳ ಕೆಳಗಿನ ಶೈತ್ಯದಲ್ಲಿಟ್ಟು ಕಿರಣವನ್ನು ಹಾಯಿಸಿದರೆ, ಹುಟ್ಟಿದ ತುಣುಕುಗಳು ಹಿಮದಲ್ಲಿ ಸಿಕ್ಕಿಕೊಂಡು ಚಲಿಸಲಾರವು. ಮೂರನೆಯದು ಕಾವಲುಗಾರನನ್ನು ಇಡುವುದು: ನೆಲ್ಲಿಕಾಯಿಯಲ್ಲಿಯೂ ನಿಂಬೆಯಲ್ಲಿಯೂ ಇರುವ ಸಿ ಜೀವಸತ್ವದಂತಹ ಪದಾರ್ಥವನ್ನು ಬೆರೆಸಿದರೆ, ಅದು ಆ ತುಣುಕುಗಳ ಕಡಿತವನ್ನು ತಾನೇ ತೆಗೆದುಕೊಂಡು ಪ್ರೋಟೀನನ್ನು ಕಾಯುತ್ತದೆ. ಬಿದರಿ ಪಾತ್ರೆಯಲ್ಲಿ ಬೆಳ್ಳಿಗೂ ಸತುವಿಗೂ ಸ್ವಭಾವದಿಂದಲೇ ಇರುವ ವ್ಯತ್ಯಾಸವನ್ನು ಇಲ್ಲಿ ಉಪಾಯದಿಂದ ಹೆಚ್ಚಿಸಿಕೊಳ್ಳುತ್ತಾರೆ. ಹೀಗೆ ಮಾಡಿದಾಗ, ವೈರಸುಗಳನ್ನು ಅಳಿಸುವಷ್ಟು ಕಿರಣವು ಹಾಯ್ದ ಮೇಲೆಯೂ ರಕ್ತದ ಪ್ರತಿರಕ್ಷಕ ಪ್ರೋಟೀನುಗಳು ತಮ್ಮ ಗುಣದ ಬಹುಭಾಗವನ್ನು ಉಳಿಸಿಕೊಂಡುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ.

ಆದರೆ ಪ್ರಯೋಗಶಾಲೆಯ ಜಯವು ಆಸ್ಪತ್ರೆಯ ವಾಡಿಕೆಯಾಗುವುದಕ್ಕೆ ಒಂದೊಂದು ಔಷಧವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆತುರಪಟ್ಟರೆ ಏನಾಗುವುದೆಂಬುದಕ್ಕೆ ಹಳೆಯ ಒಂದು ಉದಾಹರಣೆಯಿದೆ. ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ ರಕ್ತರಸವನ್ನು ನೇರಳಾತೀತ ಕಿರಣಕ್ಕೆ ಒಡ್ಡಿ, ಕಾಮಾಲೆಯ ವೈರಸು ಸತ್ತಿತೆಂದು ನಂಬಿದರು. ಗಾಮಾ ಕಿರಣದಂತೆ ಆ ಕಿರಣಕ್ಕೆ ಆಳವಾಗಿ ಹೊಕ್ಕುವ ಬಲವಿಲ್ಲ. ಕೊರಿಯಾ ಯುದ್ಧದಲ್ಲಿ (೧೯೫೦–೫೩) ಹಾಗೆ ಶುದ್ಧವಾಯಿತೆಂದ ರಕ್ತರಸವನ್ನು ಪಡೆದ ಸೈನಿಕರಲ್ಲಿ ಅನೇಕರಿಗೆ ಕಾಮಾಲೆ ತಗುಲಿತು. "ಕಿರಣದಿಂದ ಶುದ್ಧಮಾಡಿದೆ" ಎಂಬ ಮಾತಿನಿಂದಲೇ ಸಮಾಧಾನಗೊಂಡವರಲ್ಲಿ ನಾನು ಮೊದಲನೆಯವಳಲ್ಲವೆಂದು ಇದನ್ನು ಓದಿದಾಗ ಅನಿಸಿತು.

ಹಾಗಾದರೆ ನಮ್ಮ ತಾಲೂಕಿನ ಆಸ್ಪತ್ರೆಯಲ್ಲಿರುವ ಪ್ರತಿವಿಷವನ್ನು ಕಾಯುವುದು ಯಾವುದು? ಕಿರಣವಲ್ಲ, ಹಲವು ಸಣ್ಣ ಕಾವಲುಗಳು ಒಂದರ ಹಿಂದೊಂದು ನಿಂತಿವೆ. ಕುದುರೆಯನ್ನು ಮೊದಲು ಬೇರೆಯಾಗಿಟ್ಟು ರೋಗವಿಲ್ಲವೆಂದು ಪರೀಕ್ಷಿಸುತ್ತಾರೆ. ರಕ್ತರಸವನ್ನು ಹುಳಿಯ ದ್ರವದಲ್ಲಿ ಪೆಪ್ಸಿನ್ ಎಂಬ ಜಠರರಸದಿಂದ ಸಂಸ್ಕರಿಸಿ, ವಿಷವನ್ನು ಹಿಡಿಯುವ ಭಾಗವನ್ನು ಉಳಿಸಿ ಬೇಡದ ಭಾಗವನ್ನು ಕತ್ತರಿಸುತ್ತಾರೆ. ಕೆಲವು ಕಡೆಗಳಲ್ಲಿ ಕ್ಯಾಪ್ರಿಲಿಕ್ ಆಮ್ಲವನ್ನೂ ಬಳಸುತ್ತಾರೆ. ಕೊಬ್ಬಿನ ಹೊದಿಕೆಯುಳ್ಳ ವೈರಸುಗಳು ಈ ಹುಳಿಗೂ ಆಮ್ಲಕ್ಕೂ ತಾಳಲಾರದೆ ನಾಶವಾಗುತ್ತವೆ. ಆ ಬಳಿಕ ಸೂಕ್ಷ್ಮ ಸೋಸುಕದಿಂದ ಬ್ಯಾಕ್ಟೀರಿಯಗಳನ್ನು ತಡೆದು, ಸೀಸೆಗಳಲ್ಲಿ ತುಂಬಿ, ಒಣಗಿಸಿ, ಪ್ರತಿಯೊಂದು ಪಾಕದ ಮಾದರಿಯನ್ನೂ ಪರೀಕ್ಷಿಸಿದ ಮೇಲೆಯೇ ಹೊರಗೆ ಕಳುಹಿಸುತ್ತಾರೆ. ಮನುಷ್ಯರ ರಕ್ತದಿಂದ ಬರುವ ಔಷಧಗಳಿಗೂ ಬೇರೆ ಕಾವಲುಗಳುಂಟು: ಆಲ್ಬುಮಿನ್ ಎಂಬುದನ್ನು, ಕೆಡದಂತೆ ಕಾಯುವ ಪದಾರ್ಥಗಳನ್ನು ಬೆರೆಸಿ, ೬೦ ಡಿಗ್ರಿಯ ಹದವಾದ ಶಾಖದಲ್ಲಿ ೧೦ ಗಂಟೆ ಇಡುತ್ತಾರೆ, ಹೆಪ್ಪುಗಟ್ಟಿಸುವ ಔಷಧಕ್ಕೆ, ವೈರಸಿನ ಕೊಬ್ಬಿನ ಹೊದಿಕೆಯನ್ನು ಕರಗಿಸುವ ದ್ರಾವಕವನ್ನೂ ಮಾರ್ಜಕವನ್ನೂ ಬಳಸುತ್ತಾರೆ. ಇವುಗಳಿಗೆಲ್ಲ ಜಗ್ಗದೆ ಉಳಿಯಬಲ್ಲವು ಪಾರ್ವೊ ವೈರಸಿನಂತಹ, ಹೊದಿಕೆಯಿಲ್ಲದ ಅತಿ ಚಿಕ್ಕ ವೈರಸುಗಳು. ಅವುಗಳಿಗಾಗಿಯೇ ಗಾಮಾ ಕಿರಣದ ಅಭ್ಯಾಸವು ಇನ್ನೂ ಬೆಲೆಯುಳ್ಳದ್ದಾಗಿದೆ.

ಈಗ ಆ ತಾಯಿಗೆ ನಾನು ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಕೊಡುತ್ತೇನೆ. ತಾಯೀ, ನಿಮ್ಮ ಮಗಳಿಗೆ ಹಾಕಿದ ಔಷಧವು ಕುದುರೆಯ ರಕ್ತದಿಂದ ಬಂದುದು ನಿಜ. ಅದನ್ನು ಕಿರಣದಿಂದ ಶುದ್ಧಮಾಡಿದ್ದಾರೆಂದು ನಾನು ಹೇಳಿದುದು ನಿಜವಲ್ಲ. ಬೇರೆ ಹಲವು ವಿಧಗಳಿಂದ ಶುದ್ಧಮಾಡಿರುತ್ತಾರೆ. ಕುದುರೆಯ ರೋಗ ಹತ್ತುವ ಭಯಕ್ಕಿಂತ ಹೆಚ್ಚಾಗಿ ಎಚ್ಚರದಿಂದಿರಬೇಕಾದ ಸಂಗತಿ ಬೇರೊಂದಿದೆ. ಕುದುರೆಯ ಪ್ರೋಟೀನು ನಮ್ಮ ದೇಹಕ್ಕೆ ಪರಕೀಯವಾದುದರಿಂದ ಕೆಲವರಿಗೆ ಮೈಮೇಲೆ ದದ್ದು, ನಡುಕ, ಉಸಿರಾಟದ ತೊಂದರೆ ಉಂಟಾಗಬಹುದು. ಅದಕ್ಕೆ ತಕ್ಷಣದ ಔಷಧವು ವೈದ್ಯರ ಬಳಿಯಲ್ಲಿದೆ. ಆದಕಾರಣವೇ ಪ್ರತಿವಿಷವನ್ನು ಆಸ್ಪತ್ರೆಯಲ್ಲಿಯೇ ಹಾಕಿಸಬೇಕು. ಹಾಕಿಸಬೇಕೋ ಬೇಡವೋ ಎಂದು ಕೇಳಿದಿರಿ: ವೈದ್ಯರು ಬೇಕೆಂದರೆ ಹಾಕಿಸಲೇಬೇಕು, ತಡಮಾಡದೆ ಹಾಕಿಸಬೇಕು. ಹಾವಿನ ವಿಷಕ್ಕೆ ಅದಲ್ಲದೆ ಬೇರೆ ಮದ್ದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಹೊಲಮನೆಗಳ ಯಜಮಾನಿಯರಾಗಿದ್ದೀರಿ. ಹಾವು ಕಚ್ಚಿದ ಕೈಕಾಲನ್ನು ಅಲುಗಿಸದೆ ಇಡಿರಿ. ಬಿಗಿಯಾಗಿ ಕಟ್ಟಬೇಡಿರಿ, ಕೊಯ್ಯಬೇಡಿರಿ, ಬಾಯಿಯಿಂದ ಹೀರಬೇಡಿರಿ. ಸಿಕ್ಕಿದ ವಾಹನದಲ್ಲಿ ಬೇಗನೆ ಆಸ್ಪತ್ರೆಗೆ ಒಯ್ಯಿರಿ. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ವರದಿಮಾಡಲೇಬೇಕಾದ ಸಂಗತಿಯೆಂದು ಘೋಷಿಸಿದೆ. ಎಲ್ಲಿ ಎಷ್ಟು ಮಂದಿಗೆ ಕಚ್ಚಿತೆಂಬುದು ಲೆಕ್ಕಕ್ಕೆ ಬಂದರೆ, ಅಲ್ಲಿಗೆ ಅಷ್ಟು ಔಷಧವನ್ನು ಒದಗಿಸುವುದು ಸುಲಭವಾಗುವುದು.

ನನ್ನನ್ನು ತಿದ್ದಿದ ಆ ಹುಡುಗಿಗೆ ಈ ಪುಟಗಳಲ್ಲಿಯೇ ನನ್ನ ವಂದನೆಗಳನ್ನು ಸಲ್ಲಿಸುತ್ತೇನೆ. ಪಾಠವೆಂದ ಮೇಲೆ ಪ್ರಶ್ನೆಗಳಿಲ್ಲದೆ ಮುಗಿಸುವ ಅಭ್ಯಾಸ ನನಗಿಲ್ಲ. ಮನೆಯಲ್ಲಿ ಮಕ್ಕಳೊಂದಿಗೆ ಕುಳಿತು ಉತ್ತರಿಸಿರಿ.

೧. ಕುದಿಸಿ ಶುದ್ಧಮಾಡಬಹುದಾದ ವಸ್ತುಗಳಾವುವು? ಕುದಿಸಿದರೆ ಕೆಡುವ ಔಷಧಗಳಾವುವು? ಏಕೆ?

೨. ಗಾಮಾ ಕಿರಣಕ್ಕೆ ಒಡ್ಡಿದ ಕೈಗವಸನ್ನು ಮುಟ್ಟುವುದರಿಂದ ಅಪಾಯವಿಲ್ಲವೇಕೆ?

೩. ಔಷಧವನ್ನು ಒಣಗಿಸಿ ಕಿರಣಕ್ಕೆ ಒಡ್ಡುವುದಕ್ಕೂ ದ್ರವವಾಗಿಯೇ ಒಡ್ಡುವುದಕ್ಕೂ ಇರುವ ವ್ಯತ್ಯಾಸವೇನು?

೪. ನಿಮ್ಮ ಊರಿಗೆ ಎಲ್ಲಕ್ಕಿಂತ ಸಮೀಪದಲ್ಲಿ ಪ್ರತಿವಿಷ ದೊರೆಯುವ ಆಸ್ಪತ್ರೆ ಯಾವುದು? ರಾತ್ರಿಯ ಹೊತ್ತಿನಲ್ಲಿ ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕು?

ಕೊನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ಕಾಗದದ ಮೇಲೆ ಬರೆದು ಬಾಗಿಲಿನ ಹಿಂದೆ ಅಂಟಿಸಿರಿ.